ಬೆರಳಿಗೆ ಗೊತ್ತಾಗುವ ನೋಟು

ಕೆನಡಾದ ನೋಟು ಕೈಗೆ ಸಿಕ್ಕರೆ ಮೇಲಿನ ಎಡ ಮೂಲೆಯನ್ನು ಒಮ್ಮೆ ಸವರಿ ನೋಡಿ. ಉಬ್ಬಿದ ಚುಕ್ಕಿಗಳು ಸಿಗುತ್ತವೆ. ಆರು ಚುಕ್ಕಿ ಸೇರಿದರೆ ಒಂದು ಗುಂಪು. ಒಂದು ಗುಂಪಿದ್ದರೆ 5 ಡಾಲರ್, ಎರಡಿದ್ದರೆ 10, ಮೂರಕ್ಕೆ 20, ನಾಲ್ಕಕ್ಕೆ 50. 100ರ ನೋಟಿಗೆ ಐದು ಗುಂಪು ಹಾಕಿಲ್ಲ. ಎರಡೇ ಗುಂಪು, ಆದರೆ ನಡುವೆ ದೊಡ್ಡ ಖಾಲಿ ಜಾಗ. ನೋಡಿದವರು ಇದು ಬ್ರೈಲ್ ಅಂದುಕೊಳ್ಳುತ್ತಾರೆ. ಅಲ್ಲ. ಕಣ್ಣು ಕಾಣದವರೆಲ್ಲರಿಗೂ ಬ್ರೈಲ್ ಬರುವುದಿಲ್ಲ, ಅದಕ್ಕೇ ಬೇಕೆಂದೇ ಬಿಟ್ಟಿದ್ದಾರೆ.

ಈ ಚುಕ್ಕಿಗಳನ್ನು ರೂಪಿಸಿದವರು ಕಿಂಗ್ಸ್ಟನ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಸೂಸನ್ ಲೆಡರ್‌ಮನ್. ನೋಟಿಗೂ ಮನಶ್ಶಾಸ್ತ್ರಕ್ಕೂ ಏನು ಸಂಬಂಧ ಅಂತ ಅನಿಸಬಹುದು, ಅಲ್ವಾ? ಇದೆ. ಮುಟ್ಟಿ ತಿಳಿಯುವುದು ಹೇಗೆ ಎಂಬುದೂ ಮನಶ್ಶಾಸ್ತ್ರದ ಪ್ರಶ್ನೆಯೇ.

ಸ್ಪರ್ಶವನ್ನು ಅಳೆಯಲು ಮೊದಲು ಗಟ್ಟಿಯಾಗಿ ಕೂತವರು ಜರ್ಮನಿಯ ಲೈಪ್‌ಸಿಗ್‌ನ ಅರ್ನ್ಸ್ಟ್ ವೇಬರ್. ಸ್ಪರ್ಶದ ಬಗ್ಗೆ ಅವರ ಪುಸ್ತಕ ಬಂದದ್ದು 1834ರಲ್ಲಿ. ಕೈವಾರದ ಎರಡು ಮೊನೆಗಳನ್ನು ಚರ್ಮಕ್ಕೆ ತಾಗಿಸಿ, ಎಷ್ಟು ದೂರವಿದ್ದರೆ ಅವು ಎರಡೆಂದು ಗೊತ್ತಾಗುತ್ತದೆ ಎಂದು ನೋಡಿದರು. ಬೆರಳ ತುದಿಗೆ ಸುಮಾರು 2 ಮಿಲಿಮೀಟರ್ ಸಾಕು. ಬೆನ್ನಿಗೆ ಕೆಲವು ಸೆಂಟಿಮೀಟರ್ ಬೇಕು. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಚರ್ಮ ಸುಮ್ನೆ ಬಿದ್ದಿರುತ್ತದೆ, ಮುಟ್ಟುವವರು ಬೇರೆಯವರು.

1962ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ ಇದನ್ನು ತಿರುವಿ ಹಾಕಿದರು. ಬಿಸ್ಕತ್ತು ಕತ್ತರಿಸುವ ಅಚ್ಚುಗಳನ್ನು ತಂದರು. ಅಚ್ಚನ್ನು ಅಂಗೈಗೆ ಒತ್ತಿ ಆಕಾರ ಹೇಳಿ ಅಂದಾಗ ಸರಿ ಉತ್ತರ ಬಂದದ್ದು ಶೇ. 49. ಅದೇ ಅಚ್ಚನ್ನು ಬೆರಳಾಡಿಸಿ ನೋಡಲು ಬಿಟ್ಟಾಗ ಶೇ. 95.

ಬೆರಳು ಹೇಗೆ ಆಡುತ್ತದೆ ಅನ್ನುವುದನ್ನೇ ಹಿಡಿದು ಹೊರಟವರು ಲೆಡರ್‌ಮನ್ ಮತ್ತು ಅವರ ಜೊತೆಗಾರ್ತಿ ರಾಬರ್ಟಾ ಕ್ಲಾಟ್ಸ್ಕಿ. 1985ರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದವರ ಕೈಗೆ ನೂರು ದಿನಬಳಕೆ ವಸ್ತುಗಳನ್ನು ಕೊಟ್ಟರು. ಶೇ. 96ರಷ್ಟು ಸರಿ, ಅದೂ ಹೆಚ್ಚಿನವು 5 ಸೆಕೆಂಡಿನೊಳಗೆ. 1987ರಲ್ಲಿ ಇನ್ನೂ ಮುಂದೆ ಹೋದರು. ಏನು ತಿಳಿಯಬೇಕೋ ಅದಕ್ಕೆ ತಕ್ಕಂತೆ ಕೈ ಬೇರೆ ಬೇರೆ ಚಲನೆ ಮಾಡುತ್ತದೆ ಎಂದು ತೋರಿಸಿದರು. ನುಣುಪೋ ಒರಟೋ ನೋಡಲು ಉಜ್ಜುತ್ತದೆ. ಮೆತ್ತಗಿದೆಯೋ ನೋಡಲು ಒತ್ತುತ್ತದೆ. ಬಿಸಿ ತಂಪಿಗೆ ಸುಮ್ಮನೆ ತಾಗಿಸಿಕೊಂಡಿರುತ್ತದೆ. ತೂಕಕ್ಕೆ ಎತ್ತಿ ಹಿಡಿಯುತ್ತದೆ. ಗಾತ್ರಕ್ಕೆ ಮುಷ್ಟಿಯೊಳಗೆ ಹಿಡಿಯುತ್ತದೆ. ನಿಖರ ಆಕಾರ ಬೇಕಾದರೆ ಅಂಚಿನ ಗುಂಟ ಹೋಗುತ್ತದೆ, ಇದು ನಿಧಾನದ ಕೆಲಸ. ಮಾವಿನಹಣ್ಣು ಒತ್ತುವವರು, ಸೀರೆಯ ಸೆರಗನ್ನು ಎರಡು ಬೆರಳ ನಡುವೆ ಉಜ್ಜುವವರು ಇದನ್ನೆಲ್ಲ ಯಾರಿಂದಲೂ ಕಲಿತಿಲ್ಲ.

ಕಣ್ಣಿರುವಾಗ ಬೆರಳಿನ ಮಾತು ಎಷ್ಟು ನಡೆಯುತ್ತದೆ? 1964ರಲ್ಲಿ ರಾಕ್ ಮತ್ತು ವಿಕ್ಟರ್ ಎಂಬ ಇಬ್ಬರು ಸಂಶೋಧಕರು ಚೌಕವೊಂದನ್ನು ಮಸೂರದ ಮೂಲಕ ಆಯತವಾಗಿ ತೋರಿಸಿದರು. ಕೈಯಲ್ಲಿ ಇದ್ದದ್ದು ಚೌಕವೇ. ಆದರೂ ಜನ ಆಯತ ಎಂದರು. ಕಣ್ಣೇ ಯಜಮಾನ ಎಂದು ಆಗ ಎಲ್ಲರೂ ನಂಬಿದರು. ಲೆಡರ್‌ಮನ್ ಒಪ್ಪಲಿಲ್ಲ. 1981ರಲ್ಲಿ ಅವರು ಮತ್ತು ಆಬಟ್ ಎಂಬ ಸಹ ಸಂಶೋಧಕರು, ಆಕಾರ ಬಿಟ್ಟು ಒರಟುತನವನ್ನು ಕೇಳಿ ನೋಡಿದರು. ಕಣ್ಣಿಗೆ ಒಂದು ಮೇಲ್ಮೈ, ಕೈಗೆ ಇನ್ನೊಂದು ಕೊಟ್ಟಾಗ ಉತ್ತರ ಎರಡರ ನಡುವೆ ಬಂತು. ಮೇಲ್ಮೈ ವಿಷಯದಲ್ಲಿ ಬೆರಳಿಗೂ ಸಮಪಾಲು.

ಇಷ್ಟು ತಿಳಿದ ಮೇಲೆ ನಮ್ಮ ನೋಟು ನೋಡಿ. ಹಳೆಯ 500 ಮತ್ತು 100ರ ನಡುವೆ ಉದ್ದದಲ್ಲಿ 10 ಮಿಲಿಮೀಟರ್ ವ್ಯತ್ಯಾಸವಿತ್ತು. ಈಗ 500ರ ನೋಟು 150 ಮಿಲಿಮೀಟರ್, 200ರದ್ದು 146. ಪಕ್ಕದಲ್ಲಿ ಇನ್ನೊಂದು ನೋಟಿಲ್ಲದೆ 4 ಮಿಲಿಮೀಟರ್ ಕಂಡುಹಿಡಿ ಎನ್ನುವುದು ಬೆರಳಿಗೆ ಕೊಟ್ಟ ಕಷ್ಟದ ಕೆಲಸವೇ ಸರಿ. ಅಂಚಿನಲ್ಲಿ ಉಬ್ಬು ಗೆರೆಗಳಿವೆ, ಜೊತೆಗೆ ಉಬ್ಬಿದ ಗುರುತು, 100ಕ್ಕೆ ತ್ರಿಕೋನ, 500ಕ್ಕೆ ವೃತ್ತ. ಹೊಸ ಗರಿಗರಿ ನೋಟಿನಲ್ಲಿ ಚೆನ್ನಾಗಿ ಸಿಗುತ್ತವೆ, ಕೈ ಬದಲಾದಂತೆ ಸವೆಯುತ್ತವೆ. 2020ರಲ್ಲಿ ರಿಸರ್ವ್ ಬ್ಯಾಂಕ್ 'ಮಣಿ' ಎಂಬ ಆ್ಯಪ್ ತಂದಿತು. ಮೊಬೈಲ್ ಕ್ಯಾಮೆರಾಗೆ ನೋಟು ಹಿಡಿದರೆ ಎಷ್ಟೆಂದು ಹೇಳುತ್ತದೆ. ಬೆರಳಿನ ಕೆಲಸ ಕಿವಿಗೆ ಹೋಯಿತು.

ಈ ಉಬ್ಬು ಗುರುತು 100 ಮತ್ತು ಅದಕ್ಕಿಂತ ದೊಡ್ಡ ನೋಟುಗಳಿಗೆ ಮಾತ್ರ. ಹೊಸ 10, 20, 50ರ ನೋಟುಗಳಿಗೆ ಅದೂ ಇಲ್ಲ. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ದಿನಾ ಕೊಟ್ಟು ತೆಗೆದುಕೊಳ್ಳುವುದು ಅವನ್ನೇ.