ಏಳುನೂರು ರೂಪಾಯಿ ಉಳಿಸಿದ ಪಾಲಿಸಿ

ಸರ್ವೇಯರ್ ಅಂದರೆ ನಮ್ಮ ಕಡೆ ಜನ ಜಮೀನಿನ ಪೋಡಿ ವಿಚಾರ ಕೇಳಿಕೊಂಡು ಬರುತ್ತಾರೆ. ನಾನು ಹೊಲ ಅಳೆಯುವವನಲ್ಲ, ಜಖಂ ಆದ ಗಾಡಿ ನೋಡಿ ನಷ್ಟ ಲೆಕ್ಕ ಹಾಕುವವನು. ಹಾಸನದಿಂದ ಶಿರಾಡಿ ಘಾಟಿಯವರೆಗೆ ನನ್ನ ಓಡಾಟ. ಹೊಸ ಕಾರು ಕೊಳ್ಳಲು ಹೊರಟ ನೆಂಟರಿಷ್ಟರದೆಲ್ಲ ಒಂದೇ ಪ್ರಶ್ನೆ: "ಯಾವ ಸಣ್ಣ ಕಾರಿಗೆ ಇನ್ಶೂರೆನ್ಸ್ ಕಮ್ಮಿ ಬೀಳುತ್ತೆ?"

ಇದಕ್ಕೆ ಉತ್ತರ ಚಿಕ್ಕದು. ಥರ್ಡ್ ಪಾರ್ಟಿ ಪ್ರೀಮಿಯಂ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಕಟ್ಟುವ ದುಡ್ಡು, ಸರ್ಕಾರ ಗೊತ್ತುಮಾಡಿದ್ದು, ಯಾವ ಕಂಪನಿಗೆ ಹೋದರೂ ಅಷ್ಟೇ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1000 ಸಿಸಿ ಒಳಗಿನ ಎಂಜಿನ್ ಇರುವ ಕಾರಿಗೆ ವರ್ಷಕ್ಕೆ 2,094 ರೂಪಾಯಿ. ಅದು ದಾಟಿದರೆ 1500 ಸಿಸಿವರೆಗೆ 3,416. ಹೊಸ ಕಾರಿಗೆ ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕಾದ್ದರಿಂದ 6,521 ಅಥವಾ 10,640, ಮೇಲೆ ಜಿಎಸ್‌ಟಿ. ಒಂದೇ ವ್ಯಾಗನ್ ಆರ್ 998 ಸಿಸಿಯಲ್ಲೂ ಬರುತ್ತದೆ, 1197ರಲ್ಲೂ ಬರುತ್ತದೆ. ಆಲ್ಟೊ ಕೆ10 ಗೆರೆಯ ಈಚೆ, ಟಿಯಾಗೊ ಮತ್ತು ಸ್ವಿಫ್ಟ್ ಆಚೆ. "ನಾಲ್ಕು ಮೀಟರ್ ಒಳಗಿದೆಯಲ್ಲ ಸಾರ್" ಅನ್ನುತ್ತಾರೆ. ಅದು ತೆರಿಗೆಯ ಲೆಕ್ಕ ಸ್ವಾಮಿ, ವಿಮೆಗೆ ಯಾರೂ ಟೇಪು ಹಿಡಿಯುವುದಿಲ್ಲ. ಬಿಳಿ ಕಾರಿಗೆ ಪ್ರೀಮಿಯಂ ಕಮ್ಮಿಯಂತೆ ಅಂತ ಮೊನ್ನೆ ಒಬ್ಬರು ಕೇಳಿದರು. ಇಲ್ಲ.

ಇನ್ನು ನಿಮ್ಮ ಗಾಡಿಯ ಸ್ವಂತ ಡ್ಯಾಮೇಜಿನ ಭಾಗ. ಇದರಲ್ಲಿ ಕಂಪನಿಗಳು ಪೈಪೋಟಿಯ ಮೇಲೆ ರಿಯಾಯಿತಿ ಕೊಡುತ್ತವೆ, ನಮ್ಮ ಜನ ಎಡವುವುದೂ ಇಲ್ಲೇ. ಕಾರು ಯಾವುದಾದರೂ ಆಗಲಿ, ಎರಡು ಕೊಟೇಶನ್ ಮುಂದಿಟ್ಟರೆ ಕಣ್ಣು ಸೀದಾ ಕೊನೇ ಸಾಲಿಗೆ ಹೋಗುತ್ತದೆ. ಮೇಲೆ ಐಡಿವಿ ಅಂತ ಒಂದು ಅಂಕಿ ಇರುತ್ತದೆ, ಅದನ್ನು ನೋಡಿದವರನ್ನು ನಾನು ಬೆರಳಲ್ಲಿ ಎಣಿಸಬಹುದು.

ಐಡಿವಿ ಅಂದರೆ ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ನಿಮ್ಮ ಕೈಗೆ ಬರುವ ದುಡ್ಡು. ಅದೇ ಮಾಡೆಲಿನ ಇವತ್ತಿನ ಎಕ್ಸ್ ಶೋರೂಂ ಬೆಲೆ ಹಿಡಿದು, ಗಾಡಿಯ ವಯಸ್ಸಿಗೆ ತಕ್ಕ ಸವಕಳಿ ಕಳೆಯುತ್ತಾರೆ. ಒಂದರಿಂದ ಎರಡು ವರ್ಷದ ಗಾಡಿಗೆ 20%, ಮೂರು ದಾಟಿ ನಾಲ್ಕರೊಳಗಿದ್ದರೆ 40%. ಪ್ರೀಮಿಯಂ ಇದರ ಮೇಲೆ ನಿಂತಿದೆ. ಹಾಗಾಗಿ ಐಡಿವಿ ತಗ್ಗಿಸಿದರೆ ಪ್ರೀಮಿಯಂ ತಗ್ಗುತ್ತದೆ, ಗಿರಾಕಿಗೆ ಖುಷಿ. ಬಂಪರ್ ಒಡೆದಾಗ, ಬಾಗಿಲು ನೆಗ್ಗಿದಾಗ ಇದರಿಂದ ಸಾಮಾನ್ಯವಾಗಿ ಏನೂ ವ್ಯತ್ಯಾಸ ಆಗುವುದಿಲ್ಲ. ಹಾಗಾಗಿಯೇ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಜುಲೈನಲ್ಲಿ ಸಕಲೇಶಪುರದಿಂದ ಕೆಳಗಿಳಿಯುವಾಗ ರಿಟೈರ್ಡ್ ಮೇಷ್ಟ್ರೊಬ್ಬರ ಕಾರು ಮಳೆಯಲ್ಲಿ ಜಾರಿ ತಡೆಗೋಡೆಗೆ ಗುದ್ದಿತ್ತು. ದೇವರ ದಯೆ, ಯಾರಿಗೂ ಏನೂ ಆಗಿರಲಿಲ್ಲ. ನಾನು ಗ್ಯಾರೇಜಿಗೆ ಹೋದಾಗ ಗಾಡಿ ಜಾಕ್ ಮೇಲಿತ್ತು. ಎಡಗಡೆ ಚಕ್ರ ಒಳಕ್ಕೆ ಮಡಚಿಕೊಂಡಿತ್ತು, ರೇಡಿಯೇಟರಿನ ಹಸಿರು ನೀರು ನೆಲದ ಮೇಲೆ ಹರಿದು ಒಣಗಿತ್ತು. ಮೇಷ್ಟ್ರು ಪ್ಲಾಸ್ಟಿಕ್ ಕವರಿನಲ್ಲಿ ಕೊಂಡ ದಿನದಿಂದಿನ ಸರ್ವಿಸ್ ಬಿಲ್ಲೆಲ್ಲ ತಾರೀಖುವಾರು ಜೋಡಿಸಿಕೊಂಡು ಬೆಳಿಗ್ಗೆಯಿಂದ ಕಾಯುತ್ತಿದ್ದರು. ಇಂಥವರನ್ನು ಕಂಡರೆ ನನಗೆ ಪ್ರೀತಿ. ಬಹಳ ಜನ ಆರ್‌ಸಿಯನ್ನೇ ಮರೆತು ಬಂದಿರುತ್ತಾರೆ.

ರಿಪೇರಿ ಎಸ್ಟಿಮೇಟ್ 2.3 ಲಕ್ಷ. ಅದೇ ಕಾರಿನ ಹೊಸ ಬೆಲೆ ಆರು ಲಕ್ಷ, ಇವರದಕ್ಕೆ ಮೂರು ವರ್ಷ ದಾಟಿತ್ತು, ಲೆಕ್ಕದ ಪ್ರಕಾರ ಐಡಿವಿ 3.6 ಲಕ್ಷ ಇರಬೇಕಿತ್ತು. ಪಾಲಿಸಿಯಲ್ಲಿ ಇದ್ದದ್ದು 2.8. ಈಗ ನಿಯಮ ಏನು ಹೇಳುತ್ತದೆ ನೋಡಿ: ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಅದು ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹಾಳಾದ ಲೆಕ್ಕ, ರಿಪೇರಿ ಬದಲು ಐಡಿವಿ ದುಡ್ಡು. 3.6ರ ಮುಕ್ಕಾಲು 2.7 ಲಕ್ಷ, ಅಂದರೆ ಗಾಡಿ ರಿಪೇರಿಯಾಗಿ ಮನೆಗೆ ಹೋಗುತ್ತಿತ್ತು. 2.8ರ ಮುಕ್ಕಾಲು 2.1 ಲಕ್ಷ. ಹಾಗಾಗಿ, ಓಡುವ ಹಾಗೆ ಮಾಡಬಹುದಾಗಿದ್ದ ಕಾರು ಕಾಗದದ ಮೇಲೆ ಸತ್ತುಹೋಯಿತು. ಕ್ಲೇಮಿನಲ್ಲಿ ಕಂಪನಿ ಹಿಡಿದುಕೊಳ್ಳುವ ಕಡ್ಡಾಯ ಕಡಿತದ ಸಾವಿರ ಕಳೆದು ಬಂದದ್ದು 2,79,000. ಅದೇ ವಯಸ್ಸಿನ ಅಂಥದೇ ಗಾಡಿ ಹಾಸನದಲ್ಲಿ ನಾಲ್ಕು ಲಕ್ಷಕ್ಕೆ ಕಮ್ಮಿ ಅವರಿಗೆ ಸಿಗಲಿಲ್ಲ.

"ನನ್ನ ಗಾಡಿ ನಾನು ರಿಪೇರಿ ಮಾಡಿಸಿಕೊಳ್ತೀನಿ ಅಂದ್ರೂ ಬೇಡ ಅಂತೀರಲ್ಲ ಸಾರ್" ಅಂದರು. ಬೇಡ ಅನ್ನುವುದು ನಾನಲ್ಲ ಮೇಷ್ಟ್ರೇ, ಆ ಅಂಕಿ, ಅಂದೆ. ಅಷ್ಟಕ್ಕೂ ಅವರು ಉಳಿಸಿದ್ದೆಷ್ಟು? ಅಲ್ಲೇ ಬಾನೆಟ್ ಮೇಲೆ ಕಾಗದ ಇಟ್ಟು ಲೆಕ್ಕ ಹಾಕಿದೆವು. ಐಡಿವಿಯಲ್ಲಿ ತಗ್ಗಿಸಿದ್ದ 80 ಸಾವಿರದ ಮೇಲೆ ಸುಮಾರು 3% ದರ, ಅದರಲ್ಲಿ ಕಂಪನಿಯ ರಿಯಾಯಿತಿ 60%, ಮತ್ತೆ ಕ್ಲೇಮ್ ಮಾಡದ್ದಕ್ಕೆ ಬೋನಸ್ 35%, ಕೊನೆಗೆ ಜಿಎಸ್‌ಟಿ. ಏಳುನೂರು ಚಿಲ್ಲರೆ. ಮೇಷ್ಟ್ರು ಏನೂ ಹೇಳಲಿಲ್ಲ. ಡ್ಯಾಶ್‌ಬೋರ್ಡಿನ ಮೇಲಿದ್ದ ಮಂಜುನಾಥ ಸ್ವಾಮಿಯ ಪುಟ್ಟ ಫೋಟೋ ಬಿಡಿಸಿಕೊಂಡು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಸಾಲದ ಮೇಲೆ ಕೊಂಡವರ ಪಾಡು ಇನ್ನೂ ಕಷ್ಟ. ಟೋಟಲ್ ಲಾಸ್ ಹಣ ಮೊದಲು ಸಾಲ ಕೊಟ್ಟ ಬ್ಯಾಂಕಿಗೆ, ಉಳಿದರೆ ನಿಮಗೆ.

ಹಾಗಾದರೆ ಅಗ್ಗದ ಕಾರು ಹುಡುಕುವುದೇ ತಪ್ಪೇ? ಖಂಡಿತ ಅಲ್ಲ. ಕೊಳ್ಳುವ ಮುಂಚೆ ಸರ್ವಿಸ್ ಸೆಂಟರಿನ ಸ್ಪೇರ್ಸ್ ಕೌಂಟರಿಗೆ ಹೋಗಿ ಮುಂದಿನ ಬಂಪರ್, ಹೆಡ್‌ಲೈಟ್ ಬೆಲೆ ಕೇಳಿ. ಸೇಲ್ಸ್ ಹುಡುಗನಿಗೆ ಗೊತ್ತಿರುವುದಿಲ್ಲ, ಕೌಂಟರಿನವನಿಗೆ ಬಾಯಿಪಾಠ. ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ನಿಮ್ಮದೇ. ಈಗಿನ ಸಣ್ಣ ಕಾರಿನ ಮುಖದಲ್ಲಿ ಪ್ಲಾಸ್ಟಿಕ್ ಬಿಟ್ಟರೆ ಇನ್ನೇನಿದೆ? ಮೊದಲ ಕೆಲವು ವರ್ಷ ಜೀರೋ ಡೆಪ್, ಅಂದರೆ ಭಾಗಗಳ ಬೆಲೆಯಲ್ಲಿ ಹೀಗೆ ಸವಕಳಿ ಕಳೆಯದ ಹೆಚ್ಚುವರಿ ರಕ್ಷಣೆ, ಹಾಕಿಸುವುದು ನನ್ನ ಮಟ್ಟಿಗೆ ಸರಿ. ಷರತ್ತು ಒಂದೊಂದು ಕಂಪನಿಯದು ಒಂದೊಂದು ಥರ, ಓದಿಯೇ ಸಹಿ ಹಾಕಿ.

ಕೊಟೇಶನ್ ಹೋಲಿಸುವಾಗ ಎರಡೂ ಕಡೆ ಒಂದೇ ಐಡಿವಿ, ಜೀರೋ ಡೆಪ್‌ನಂಥ ಒಂದೇ ಆಡ್‌ಆನ್ ಹಾಕಿಸಿ. ಫೋನಿನಲ್ಲಿ ಮಾತಾಡುವವರು "ಸರ್, ಇನ್ನೂ ಸ್ವಲ್ಪ ಕಮ್ಮಿ ಮಾಡಿಕೊಡ್ತೀನಿ" ಅಂದರೆ, ಯಾವ ಅಂಕಿಯನ್ನು ಮುಟ್ಟುತ್ತಿದ್ದೀರಿ ಅಂತ ಕೇಳಿ. ಅಷ್ಟಾದ ಮೇಲೂ ಒಂದು ಕಡೆ ನಾನೂರು ರೂಪಾಯಿ ಕಮ್ಮಿ ಬಂದರೆ ಧಾರಾಳವಾಗಿ ಅಲ್ಲೇ ಮಾಡಿಸಿ, ನನ್ನದೇನೂ ತಕರಾರಿಲ್ಲ.