ಮೀನು ಹುಡುಕಬೇಡಿ, ಮಬ್ಬು ಹುಡುಕಿ

ಅಮೆರಿಕದ ಮಿನೆಸೋಟದಲ್ಲಿರುವ ಮಿಲ್ ಲ್ಯಾಕ್ಸ್ ಸರೋವರಕ್ಕೆ ವಾಲೈ ಅನ್ನುವ ಮೀನು ಹಿಡಿಯಲು ನಾನು ಮೊದಲ ಸಲ ಗಾಳ ಹಿಡಿದು ಹೋಗಿದ್ದು ಒಂದು ಜುಲೈ ಮಧ್ಯಾಹ್ನ. ಬಿಸಿಲು ಚೆನ್ನಾಗಿತ್ತು, ಗಾಳಿ ಇರಲಿಲ್ಲ, ನೀರು ಎಣ್ಣೆ ಹಚ್ಚಿದ ಹಾಗೆ ನುಣ್ಣಗಿತ್ತು. ಇದಕ್ಕಿಂತ ಒಳ್ಳೆ ದಿನ ಬೇಕಾ ಅಂದುಕೊಂಡೆ. ನಾಲ್ಕು ಗಂಟೆ ಕೂತೆ. ಮೂಗು ಸುಟ್ಟಿತು, ಮೀನು ಸಿಗಲಿಲ್ಲ. ವಾಪಸ್ ಬರುವಾಗ ಎರೆಹುಳು ಮಾರುವ ಅಂಗಡಿಯಾಕೆ ನನ್ನ ಖಾಲಿ ಬಕೆಟ್ ನೋಡಿ ನಕ್ಕು, "ಮಧ್ಯಾಹ್ನ ಮಲಗಿ, ಸಂಜೆ ಬನ್ನಿ. ಗಾಳಿ ಬೀಸ್ತಾ ಇದ್ದರೆ ಇನ್ನೂ ಒಳ್ಳೇದು" ಅಂದರು.

ಆ ಮಾತು ಅರ್ಥವಾಗಬೇಕಾದರೆ ವಾಲೈ ಮೀನಿನ ಕಣ್ಣು ನೋಡಬೇಕು. ದೊಡ್ಡ ಕಣ್ಣು, ಮಂಜು ಹಿಡಿದ ಹಾಗೆ ಬೆಳ್ಳಗೆ, ಪೊರೆ ಬಂದ ಮುದಿ ನಾಯಿಯ ಕಣ್ಣಿನ ಹಾಗೆ. ಕುರುಡು ಮೀನು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ರಾತ್ರಿ ಊರ ರಸ್ತೆಯಲ್ಲಿ ಬೈಕಿನ ಲೈಟು ಬಿದ್ದಾಗ ಮಲಗಿದ ದನದ ಕಣ್ಣು ಫಳ್ ಅಂತ ಹೊಳೆಯುತ್ತದಲ್ಲ, ಇಲ್ಲಿರುವುದೂ ಅದೇ ಏರ್ಪಾಡು. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ, ಟ್ಯಾಪೀಟಮ್ ಅಂತ ಹೆಸರು. ಮೊದಲ ಸಲ ಹಿಡಿಯದೆ ಬಿಟ್ಟುಹೋದ ಬೆಳಕನ್ನು ಅದು ವಾಪಸ್ ಎಸೆಯುತ್ತದೆ, ಹಾಗಾಗಿ ಅದೇ ಬೆಳಕನ್ನು ಹಿಡಿಯಲು ಕಣ್ಣಿಗೆ ಇನ್ನೊಂದು ಅವಕಾಶ ಸಿಗುತ್ತದೆ. ತಮಾಷೆ ಅಂದರೆ ವಾಲೈ ಮರಿಗಳಿಗೆ ಬೆಳಕು ಕಂಡರೆ ಇಷ್ಟ, ಅದರ ಕಡೆಗೇ ಈಜುತ್ತವೆ. ಬೆಳೆಯುತ್ತಾ ಈ ಪದರ ಬಂದ ಮೇಲೆ ಬೆಳಕಿನಿಂದ ದೂರ ಓಡುತ್ತವೆ.

ವಾಲೈಗೆ ಅಚ್ಚುಮೆಚ್ಚಿನ ಊಟ ಹಳದಿ ಪರ್ಚ್ ಅನ್ನುವ ಪಟ್ಟೆ ಪಟ್ಟೆಯ ಸಣ್ಣ ಮೀನು. ಅದಕ್ಕೆ ಈ ಕನ್ನಡಿ ಇಲ್ಲ. ಹಗಲಲ್ಲಿ ಇಬ್ಬರಿಗೂ ಚೆನ್ನಾಗಿ ಕಾಣುತ್ತದೆ, ಪರ್ಚ್ ತಪ್ಪಿಸಿಕೊಳ್ಳುತ್ತದೆ. ಕತ್ತಲು ಇಳಿಯುವಾಗ ಒಬ್ಬನಿಗೆ ಮಾತ್ರ ಕಾಣುತ್ತದೆ. ವಾಲೈ ಬೇಟೆಗೆ ಹೊರಡುವುದು ಆಗ.

ಅಂದಮೇಲೆ ಗೊತ್ತಿಲ್ಲದ ನೀರಿಗೆ ಹೋದಾಗ ಮೀನು ಎಲ್ಲಿದೆ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಈ ಹೊತ್ತಿಗೆ ಮಬ್ಬು ಎಲ್ಲಿದೆ ಅಂತ ನೋಡುವುದು ವಾಸಿ. ನಾನು ಮಾಡುವ ಮೊದಲ ಕೆಲಸ ನೋಡಿದವರಿಗೆ ನಗು ಬರಬಹುದು. ಒಂದು ಬಿಳಿ ತಟ್ಟೆಗೆ ಕಲ್ಲು ಕಟ್ಟಿ, ಅಡಿ ಅಡಿಗೆ ಗಂಟು ಹಾಕಿದ ಹಗ್ಗದಲ್ಲಿ ನೀರಿಗೆ ಇಳಿಸುತ್ತೇನೆ. ತಟ್ಟೆ ಎಷ್ಟನೇ ಗಂಟಿಗೆ ಮಾಯವಾಯಿತು ಅಂತ ಎಣಿಸಿದರೆ ನೀರು ಎಷ್ಟು ತಿಳಿಯಾಗಿದೆ ಅಂತ ಗೊತ್ತಾಗುತ್ತದೆ. ಇದೇನೂ ನನ್ನ ಬುದ್ಧಿಯಲ್ಲ, 1865ರಲ್ಲಿ ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ ಮಾಡಿ ತೋರಿಸಿದ್ದು. ಟೀ ಬಣ್ಣದ ನೀರಿನಲ್ಲಿ ತಟ್ಟೆ ಐದಾರು ಅಡಿಗೇ ಕಾಣದಾದರೆ ಹಗಲಲ್ಲೂ ಎಂಟು ಹತ್ತು ಅಡಿಯಲ್ಲಿ ಗಾಳ ಹಾಕಿ ನೋಡಬಹುದು. ಹದಿನೈದು ಅಡಿವರೆಗೂ ಕಂಡರೆ ಹಗಲಿಡೀ ಆಳಕ್ಕೆ ಹೋಗಬೇಕು, ಇಲ್ಲಾ ಸಂಜೆಯವರೆಗೆ ಸುಮ್ನೆ ಕಾಯಬೇಕು.

ಇನ್ನು ಗಾಳಿ. ನುಣ್ಣನೆ ನೀರಿನಲ್ಲಿ ಬಿಸಿಲು ನೇರವಾಗಿ ಕೆಳಗಿಳಿಯುತ್ತದೆ. ಅಲೆ ಎದ್ದರೆ ಬೆಳಕು ಚೂರುಚೂರಾಗಿ ಚದುರುತ್ತದೆ, ದಡದ ಮಣ್ಣು ಕದಡಿ ನೀರು ರಾಡಿಯಾಗುತ್ತದೆ. ಅಷ್ಟೇ ಅಲ್ಲ, ಮೇಲ್ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಗಾಳಿ ಒಂದು ದಡಕ್ಕೆ ತಳ್ಳುತ್ತದೆ, ಅವನ್ನು ತಿನ್ನಲು ಚಿಕ್ಕ ಮೀನು ಬರುತ್ತವೆ, ಅವುಗಳ ಹಿಂದೆ ವಾಲೈ. ಇಲ್ಲಿನವರು ಇಂಥ ಅಲೆಗೆ ವಾಲೈ ಚಾಪ್ ಅಂತಲೇ ಹೆಸರಿಟ್ಟಿದ್ದಾರೆ. ಹಾಗಾಗಿ ಗಾಳಿ ಬಡಿಯುವ ದಡಕ್ಕೆ ಹೋಗಿ, ಮರೆಯಲ್ಲಿರುವ ದಡಕ್ಕಲ್ಲ. ದೋಣಿ ಕುಲುಕುತ್ತದೆ, ನಿಜ. ಅಲೆ ಜಾಸ್ತಿ ಆದರೆ ಮೀನಿನ ಆಸೆ ಬಿಟ್ಟು ದಡ ಸೇರಿ.

ಮಿಲ್ ಲ್ಯಾಕ್ಸ್ ನೋಡಲು ಸಮುದ್ರ, ಸುಮಾರು 1,32,000 ಎಕರೆ. ಆದರೆ ಎಲ್ಲೂ 42 ಅಡಿಗಿಂತ ಆಳವಿಲ್ಲ. ತಳದಲ್ಲಿ ಅಲ್ಲಲ್ಲಿ ಕೆಸರಿನ ದಿಬ್ಬಗಳಿವೆ, ಸುತ್ತ ಮೂವತ್ತು ಅಡಿಗೂ ಹೆಚ್ಚು ಆಳ, ದಿಬ್ಬದ ತಲೆ ಇಪ್ಪತ್ತು ಚಿಲ್ಲರೆ ಅಡಿ. ಬೇಸಿಗೆಯಲ್ಲಿ ಆ ಕೆಸರಿನಿಂದ ಮೇಫ್ಲೈ ಹುಳುಗಳು ಏಳುತ್ತವೆ, ವಾಲೈಗೆ ಹಬ್ಬದೂಟ. ಆ ವಾರ ನಿಮ್ಮ ಗಾಳದ ಕಡೆ ಅದು ತಿರುಗಿಯೂ ನೋಡದಿರಬಹುದು. ಮೊದಲ ಸಲ ಹೋದವರು ಅಂಥ ದಿಬ್ಬದ ಅಂಚು ಹಿಡಿದು ನಿಧಾನ ದೋಣಿ ಬಿಡುವುದು ಒಳ್ಳೇದು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಆಳದ ನಕ್ಷೆ ಪುಕ್ಕಟೆ ಸಿಗುತ್ತದೆ.

ಇದೇ ನೀರು ಹಿಂದಿಗಿಂತ ಈಗ ತುಂಬಾ ತಿಳಿಯಾಗಿದೆ. ಅದು ಶುರುವಾಗಿದ್ದು ಮೊದಲೇ, ಆದರೆ ಜೀಬ್ರಾ ಮಸಲ್ ಅನ್ನುವ ಹೊರಗಿನ ಚಿಪ್ಪುಜೀವಿ ಇಲ್ಲಿ 2005ರಲ್ಲಿ ಕಾಣಿಸಿಕೊಂಡ ಮೇಲೆ ನೀರು ಸೋಸುವ ಕೆಲಸ ಅದರದೂ ಆಯಿತು. ತಿಳಿನೀರು ನಮಗೆ ಚೆಂದ, ವಾಲೈಗೆ ಅಲ್ಲ. ನೀರೂ ಬಿಸಿಯಾಗುತ್ತಿದೆ. ತಂಪೂ ಮಬ್ಬೂ ಎರಡೂ ಸಿಗುವ ಜಾಗ ಕುಗ್ಗುತ್ತಿದೆ ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹೊರಡುವಾಗ ದೋಣಿಯ ಬಿರಡೆ ತೆಗೆದು ನೀರು ಪೂರ್ತಿ ಬಸಿಯಬೇಕು ಅನ್ನುವ ಕಾನೂನು ಇರುವುದು ಇಂಥ ಪಿಡುಗು ಇನ್ನೊಂದು ಕೆರೆಗೆ ಹೋಗದಿರಲಿ ಅಂತ.

ಗಾಳಕ್ಕೆ ಏನು ಸಿಕ್ಕಿಸಬೇಕು? ಎರೆಹುಳು, ಸಣ್ಣ ಮೀನು, ಇಲ್ಲಾ ಜಿಗಣೆ. ಮಲೆನಾಡಿನಲ್ಲಿ ಇಂಬಳ ಕಾಲಿಗೆ ಹತ್ತಿದರೆ ಉಪ್ಪು, ಸುಣ್ಣ ಅಂತ ಒದ್ದಾಡಿ ಬೆಳೆದವನು ನಾನು. ಇಲ್ಲಿ ಡಾಲರ್ ಕೊಟ್ಟು ಡಜನ್ ಲೆಕ್ಕದಲ್ಲಿ ಕೊಂಡೆ! ಇದು ರಕ್ತ ಹೀರುವ ಜಾತಿ ಅಲ್ಲವಂತೆ, ಆದರೂ ಬೆರಳು ಹಿಂದೆ ಸರಿಯುತ್ತದೆ. ಕೊಕ್ಕೆಗೆ ಪುಟ್ಟ ತೂಕ ಸೇರಿಸಿದ ಜಿಗ್ ಸಾಕು, ಮೂರೂವರೆ ಗ್ರಾಂನದು. ತಳ ಮುಟ್ಟಿಸಿ, ಒಂದಡಿ ಎತ್ತಿ, ಬಿಡಿ. ಬಣ್ಣ ಕಿತ್ತಳೆಯೋ ಹಸಿರೋ ಇರಲಿ, ವಾಲೈ ಕಣ್ಣಿಗೆ ಚೆನ್ನಾಗಿ ಕಾಣುವುದು ಆ ಕಡೆಯ ಬಣ್ಣಗಳೇ. ಎಳೆತ ಜೋರಾಗಿ ಬರುತ್ತದೆ ಅಂತ ಕಾಯಬೇಡಿ. ಅದು ಕಚ್ಚುವುದಕ್ಕಿಂತ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುವುದೇ ಹೆಚ್ಚು. ನಿಮ್ಮ ಕೈಗೆ ಬರುವುದು ಒಂದು 'ಟಕ್', ಕೆಲವು ಸಲ ಒದ್ದೆ ಬಟ್ಟೆ ಸಿಕ್ಕಿಕೊಂಡಂಥ ಭಾರ ಮಾತ್ರ.

ಸಿಕ್ಕಿದ್ದನ್ನೆಲ್ಲ ಮನೆಗೆ ತರುವ ಹಾಗಿಲ್ಲ. ಎಷ್ಟುದ್ದದ ಮೀನು, ಎಷ್ಟು ಮೀನು ಅನ್ನುವ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಗಡಿ ದಾಟಿ ಕೆನಡಾದ ಒಂಟಾರಿಯೊಗೆ ಹೋಗುವವರು ಜೀವಂತ ಮೀನು, ಜಿಗಣೆ ಒಯ್ಯುವ ಹಾಗಿಲ್ಲ. ಬಿಡಲೇಬೇಕಾದ ಮೀನು ಬದುಕಬೇಕಾದರೆ ತೀರಾ ಆಳದಲ್ಲಿ ಹಿಡಿಯಬೇಡಿ. ನಮ್ಮ ಕಟ್ಲ, ರೋಹುವಿಗೆ ತೇಲಲು ನೆರವಾಗುವ ಒಳಗಿನ ಗಾಳಿಚೀಲದಿಂದ ಗಂಟಲಿಗೆ ಒಂದು ನಳಿಕೆ ಇರುತ್ತದೆ, ಹೆಚ್ಚಾದ ಗಾಳಿಯನ್ನು ತೇಗಿದ ಹಾಗೆ ಬಿಡಬಹುದು. ವಾಲೈಗೆ ಆ ದಾರಿ ಇಲ್ಲ. ಮೂವತ್ತಮೂರು ಅಡಿ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು, ಅಲ್ಲಿಂದ ಸರ್ರನೆ ಎಳೆದರೆ ಚೀಲದ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ನೀರಿಗೆ ಬಿಟ್ಟರೂ ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ, ನೋಡಲಾಗುವುದಿಲ್ಲ.

ಮಾರನೇ ವಾರ ಇನ್ನೊಂದು ಚಿಕ್ಕ ಸರೋವರಕ್ಕೆ ಹೋಗಿದ್ದೆ. ಅಲೆ ಇತ್ತು, ಸೂರ್ಯ ಮುಳುಗಿದ್ದ. ಎರಡು ಸಿಕ್ಕವು. ರವೆ ಹಚ್ಚಿ ಕಾವಲಿಯಲ್ಲಿ ಹುರಿದು, ಕಾಣೆ ಮೀನಿಗೆ ಸಮ ಅಲ್ವಾ ಅಂದೆ. ಹೆಂಡತಿ ಉಡುಪಿ ಕಡೆಯವಳು. ಎರಡನೇ ತುಂಡು ಹಾಕಿಕೊಂಡಳು, ಆದರೆ ಒಪ್ಪಲಿಲ್ಲ.