ಕೊಟ್ಟಿಗೆಹಾರ ದಾಟಿ ನಿಂತ ಬಸ್ಸು, ಹನ್ನೊಂದು ನಿಮಿಷದ ಚಿತ್ರ

ಜುಲೈ ತಿಂಗಳಲ್ಲಿ ಚಾರ್ಮಾಡಿ ಘಾಟಿ ಇಳಿಯುವವರು ಚೀಲದಲ್ಲಿ ಕೊಡೆಯ ಜೊತೆಗೆ ಎರಡು ಗಂಟೆಯ ತಾಳ್ಮೆಯನ್ನೂ ಇಟ್ಟುಕೊಂಡಿರಬೇಕು. ಚಿಕ್ಕಮಗಳೂರಿನಲ್ಲಿ ಧರ್ಮಸ್ಥಳದ ಬಸ್ಸು ಹತ್ತಿದ್ದೆ. ಮೂಡಿಗೆರೆಯಲ್ಲಿ ಹನಿಯುತ್ತಿದ್ದ ಮಳೆ ಕೊಟ್ಟಿಗೆಹಾರಕ್ಕೆ ಬರುವಷ್ಟರಲ್ಲಿ ಧೋ ಎಂದು ಸುರಿಯತೊಡಗಿತ್ತು. ನಾಲ್ಕಾರು ತಿರುವು ಇಳಿದಿದ್ದೆವೋ ಇಲ್ಲವೋ, ಮುಂದಿನ ಲಾರಿ ನಿಂತಿತು. ಅದರ ಬೆನ್ನಿಗೆ ನಾವೂ ನಿಂತೆವು. ಕಂಡಕ್ಟರ್ ಇಳಿದು ಹೋಗಿ ನೋಡಿಕೊಂಡು ಬಂದು, "ಮರ ಬಿದ್ದಿದೆ, ಸದ್ಯಕ್ಕೆ ಹೋಗುವಂತಿಲ್ಲ" ಎಂದು ಸಾರಿ ತಮ್ಮ ಲೆಕ್ಕ ಬರೆಯಲು ಕುಳಿತರು.

ಪಕ್ಕದಲ್ಲಿ ಉಜಿರೆಗೆ ಹೊರಟಿದ್ದ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ ಕಿರುಚಿತ್ರ ನೋಡುತ್ತಿದ್ದಳು. ಇನ್ನೊಬ್ಬರ ಮೊಬೈಲಿಗೆ ಇಣುಕಬಾರದು ಎನ್ನುವುದು ನನಗೂ ಗೊತ್ತು, ಆದರೆ ನಿಂತ ಬಸ್ಸಿನಲ್ಲಿ ಕಣ್ಣಿಗೆ ಬೇರೆ ಕೆಲಸವಿರಲಿಲ್ಲ. ಧ್ವನಿ ಅವಳ ಕಿವಿಯೊಳಗಿತ್ತು, ನನಗೆ ಬರೀ ಚಿತ್ರ. ಔಷಧಿ ಅಂಗಡಿಯ ಮುಂದೆ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸುತ್ತಾಳೆ. ಸಾಲುವುದಿಲ್ಲ. ಹಿಂದೆ ನಿಂತ ಹುಡುಗ ಅವಳಿಗೆ ತಿಳಿಯದಂತೆ ಉಳಿದ ಹಣ ಕೊಟ್ಟು ಹೋಗುತ್ತಾನೆ. ಮುಂದೆ ಅವನ ಬೈಕು ಕೈಕೊಡುತ್ತದೆ, ಯಾರೋ ಮೆಕ್ಯಾನಿಕ್ ರಿಪೇರಿ ಮಾಡಿ ದುಡ್ಡು ಬೇಡವೆನ್ನುತ್ತಾನೆ. ಆ ಮೆಕ್ಯಾನಿಕ್‌ನ ಮಗಳು ಮಳೆಯಲ್ಲಿ ನೆನೆಯುತ್ತಾ ನಿಂತಾಗ ಕೊಡೆ ಹಿಡಿಯುವವಳು ಮೊದಲಿನ ಅಜ್ಜಿಯೇ. ಎರಡನೆಯ ನಿಮಿಷದಲ್ಲೇ ಕೊನೆ ಹೀಗೇ ಆಗುತ್ತದೆಂದು ನಾನು ಊಹಿಸಿದ್ದೆ. ಹಾಗಿದ್ದೂ ಆ ಕೊಡೆ ಬಿಚ್ಚಿಕೊಂಡಾಗ ಗಂಟಲು ಉಬ್ಬಿತು, ತೋಳಿನ ಮೇಲೆ ರೋಮ ನಿಂತಿತು. ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ನಾನು ಕನ್ನಡಕ ಒರೆಸಿಕೊಂಡೆ.

ಇದರಲ್ಲಿ ಮೊದಲ ಸೋಜಿಗವೆಂದರೆ ದೇಹದ ಉತ್ತರ. ರೋಮಾಂಚನವೆಂದರೆ ಪ್ರತಿಯೊಂದು ಕೂದಲ ಬುಡಕ್ಕೆ ಅಂಟಿಕೊಂಡ ಸಣ್ಣ ಸ್ನಾಯು ಬಿಗಿದುಕೊಳ್ಳುವುದು. ಚಳಿಗೆ ತುಪ್ಪಳ ನಿಮಿರಿಸಿಕೊಳ್ಳುವ ಪ್ರಾಣಿಗಳಿಂದ ನಮಗೆ ಬಂದ ಹಳೆಯ ಏರ್ಪಾಡು ಅದು. ಅಜ್ಜಿ ಕೊಡೆ ಹಿಡಿದರೆ ಅದಕ್ಕೇನು ಕೆಲಸ? 2000ನೇ ಇಸವಿಯ ಸುಮಾರಿಗೆ ಅಮೆರಿಕದ ಮನೋವಿಜ್ಞಾನಿ ಜೊನಾಥನ್ ಹೈಟ್ ಈ ಭಾವವನ್ನು ಬೇರೆಯದಾಗಿಯೇ ಹೆಸರಿಟ್ಟು ಅಧ್ಯಯನ ಮಾಡತೊಡಗಿದರು. ಇತರರ ಒಳ್ಳೆಯತನ ಕಂಡಾಗ ಎದೆಯಲ್ಲಿ ಬಿಸುಪು, ಗಂಟಲಲ್ಲಿ ಗಂಟು, ತಾನೂ ಏನಾದರೂ ಒಳ್ಳೆಯದು ಮಾಡಬೇಕೆಂಬ ತುಡಿತ ಹುಟ್ಟುತ್ತದೆ ಎಂದು ಅವರು ದಾಖಲಿಸಿದರು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅವರೂ ಅವರ ವಿದ್ಯಾರ್ಥಿನಿ ಜೆನ್ನಿಫರ್ ಸಿಲ್ವರ್ಸ್ ಅವರೂ ಎದೆಹಾಲು ಕುಡಿಸುವ ತಾಯಂದಿರನ್ನು ಮಕ್ಕಳ ಸಮೇತ ಕರೆಸಿದರು. ಕೆಲವರಿಗೆ ಮನ ಕರಗಿಸುವ ದೃಶ್ಯ, ಉಳಿದವರಿಗೆ ನಗೆಯ ದೃಶ್ಯ ತೋರಿಸಿದರು. ಮನ ಕರಗಿಸುವ ದೃಶ್ಯ ನೋಡಿದವರಲ್ಲಿ ಸುಮಾರು ಅರ್ಧದಷ್ಟು ತಾಯಂದಿರಿಗೆ ಹಾಲು ಇಳಿಯಿತು, ಇಲ್ಲವೇ ಅವರು ಮಗುವಿಗೆ ಹಾಲೂಡಿಸಿದರು. ನಕ್ಕವರಲ್ಲಿ ಹಾಗಾದವರು ಬಹಳ ಕಡಿಮೆ. ಹಾಲಿಳಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಕೆಲಸ. ಕರುವನ್ನು ಕಂಡ ಹಸುವಿನ ಕೆಚ್ಚಲಿಗೆ ಹಾಲಿಳಿಯುವುದೂ ಅದರಿಂದಲೇ. ಚಿಕ್ಕ ಅಧ್ಯಯನ, ಹಾರ್ಮೋನನ್ನು ನೇರವಾಗಿ ಅಳೆದೂ ಇಲ್ಲ. ಅದರ ಮೇಲೆ ದೊಡ್ಡ ಮಾಳಿಗೆ ಕಟ್ಟುವಂತಿಲ್ಲ. ಆದರೂ ಯಾರದೋ ಉಪಕಾರದ ದೃಶ್ಯ ಎಷ್ಟು ಒಳಗೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಇದೇ ಭಾವಕ್ಕೆ ಮಾನವಶಾಸ್ತ್ರಜ್ಞ ಅಲನ್ ಫಿಸ್ಕ್ ಮತ್ತು ಅವರ ಸಂಗಡಿಗರು ಸಂಸ್ಕೃತದಿಂದ 'ಕಾಮ ಮೂತ' ಎಂಬ ಹೆಸರು ಹೆಕ್ಕಿದ್ದಾರೆ. ಪ್ರೀತಿಯಿಂದ ಕದಲಿದ್ದು ಎಂಬುದು ಅವರ ಅರ್ಥ. ಈ ಹೆಸರು ಕನ್ನಡದ ಕಿವಿಗೆ ಹೇಗೆ ಬೀಳುತ್ತದೆಂದು ಅವರಿಗೆ ಯಾರೂ ಹೇಳಿರಲಾರರು. ನಮಗೆ 'ಕರುಳು ಕರಗಿತು' ಎಂಬುದೇ ಸಾಕು.

ಎರಡನೆಯ ಸೋಜಿಗ ಇನ್ನೂ ಹಳೆಯದು. ತನ್ನ ಖರ್ಚಿನಲ್ಲಿ ಇನ್ನೊಬ್ಬರಿಗೆ ನೆರವಾಗುವ ಗುಣ ವಿಕಾಸದ ಪೈಪೋಟಿಯಲ್ಲಿ ಉಳಿದು ಬಂದದ್ದು ಹೇಗೆ? ನೆಂಟರ ಮಟ್ಟಿಗೆ 1964ರಲ್ಲೇ ಜೀವವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್ ಲೆಕ್ಕ ಹಾಕಿ ತೋರಿಸಿದರು: ರಕ್ತಸಂಬಂಧಿಗೆ ಮಾಡಿದ ನೆರವು ಹಂಚಿಕೊಂಡ ವಂಶವಾಹಿಗಳಿಗೆ ಮಾಡಿದ ನೆರವೇ. ನೆಂಟರಲ್ಲದವರ ವಿಷಯವನ್ನು 1971ರಲ್ಲಿ ರಾಬರ್ಟ್ ಟ್ರಿವರ್ಸ್ ಎತ್ತಿಕೊಂಡರು. ಇಂದು ನಾನು, ನಾಳೆ ನೀನು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಟಿ ಗದ್ದೆಗೆ ಅವರ ಮನೆಯಿಂದ ಇಬ್ಬರು ಬಂದರೆ ಅವರ ನಾಟಿಗೆ ನಮ್ಮ ಮನೆಯಿಂದ ಇಬ್ಬರು ಹೋಗಲೇಬೇಕು. ಅದೇ ಮುಯ್ಯಾಳು. ಮದುವೆಮನೆಯ ಮೂಲೆಯಲ್ಲಿ ಕುಳಿತು ಮುಯ್ಯಿ ಬರೆದುಕೊಳ್ಳುವ ಮಾವನ ನೋಟ್‌ಬುಕ್ಕಿನಲ್ಲಿ ಟ್ರಿವರ್ಸ್ ಅವರ ಇಡೀ ಸಿದ್ಧಾಂತವಿದೆ.

ಆದರೆ ಔಷಧಿ ಅಂಗಡಿಯ ಹುಡುಗನ ಹೆಸರು ಯಾವ ನೋಟ್‌ಬುಕ್ಕಿನಲ್ಲೂ ಇಲ್ಲ. ಅಜ್ಜಿ ಅವನನ್ನು ಮತ್ತೆ ಕಾಣುವವಳಲ್ಲ. ಇಲ್ಲಿಗೆ ಬೇಕಾದ ಲೆಕ್ಕ 1998ರಲ್ಲಿ ಬಂತು. ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ ಹೇಳಿದ್ದಿಷ್ಟು: ನಾನು ನಿನಗೆ ಮಾಡಿದ್ದನ್ನು ಮೂರನೆಯವನೊಬ್ಬ ನೋಡುತ್ತಾನೆ, ಅವನು ನನಗೆ ಮಾಡುತ್ತಾನೆ. ನಾಲ್ಕು ಜನರ ಬಾಯಲ್ಲಿ ಹೆಸರು ಓಡಾಡುವ ಊರಿನಲ್ಲಿ ಇದು ನಡೆಯುತ್ತದೆ. ಹಾಗೆ ನೋಡಿದರೆ ಕಿರುಚಿತ್ರದ ಪ್ರೇಕ್ಷಕನೇ ಆ ಮೂರನೆಯವನು. ನಮ್ಮ ಕಣ್ಣೀರು ಒಂದು ಬಗೆಯ ಸಾಕ್ಷಿಸಹಿ ಎಂದು ನನಗೆ ಅನ್ನಿಸುತ್ತದೆ. ಈ ಗುಂಪಿನಲ್ಲಿ ನಂಬಬಹುದಾದವರಿದ್ದಾರೆ ಎಂಬ ಸುದ್ದಿಗೆ ದೇಹ ಸ್ಪಂದಿಸುವ ರೀತಿ. ಇದು ನನ್ನ ಊಹೆ, ಸಾಬೀತಾದ ಮಾತಲ್ಲ.

ಲೆಕ್ಕಾಚಾರವೆಲ್ಲ ಬರುವ ಮೊದಲೇ ಈ ಪ್ರವೃತ್ತಿ ಇರುತ್ತದೆ ಎನ್ನುವುದಕ್ಕೆ ಮಕ್ಕಳೇ ಸಾಕ್ಷಿ. 2006ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 18 ತಿಂಗಳ 24 ಮಕ್ಕಳ ಮುಂದೆ ಬಟ್ಟೆ ಹಾಕುವ ಕ್ಲಿಪ್ಪನ್ನು ಕೈಜಾರಿ ಬೀಳಿಸುವಂಥ ಸಣ್ಣಪುಟ್ಟ ನಾಟಕ ಆಡಿದರು. 22 ಮಕ್ಕಳು ಒಮ್ಮೆಯಾದರೂ ನೆರವಿಗೆ ಬಂದರು. ಯಾರೂ ಕೇಳಿರಲಿಲ್ಲ, ಮಿಠಾಯಿಯ ಆಸೆಯೂ ಇರಲಿಲ್ಲ.

ಹಾಗಾದರೆ ಬೆಳೆದ ನಮಗೆ ಏನಾಗಿದೆ? ಕಳೆದ ವರ್ಷ ಹಾಸನದಲ್ಲಿ ರೈಲು ನಿಲ್ದಾಣದ ಕಡೆಗೆ ಬಿರಬಿರನೆ ನಡೆಯುತ್ತಿದ್ದೆ. ಅಂಗಡಿ ಮುಂಗಟ್ಟಿನ ಮೆಟ್ಟಿಲಿಗೆ ಒರಗಿ ಒಬ್ಬ ಮನುಷ್ಯ ಕುಳಿತಿದ್ದ, ತಲೆ ಒಂದು ಪಕ್ಕಕ್ಕೆ ವಾಲಿತ್ತು. ಚಪ್ಪಲಿ ಒಂದೇ ಕಾಲಿನಲ್ಲಿತ್ತು. ಕುಡಿದಿರಬೇಕು ಎಂದುಕೊಂಡೆ. ಸುತ್ತ ಹತ್ತು ಜನ ಓಡಾಡುತ್ತಿದ್ದರು, ಯಾರೂ ನಿಂತಿರಲಿಲ್ಲ. ಅಂದರೆ ಅಂಥದ್ದೇನೂ ಆಗಿಲ್ಲ ಎಂದು ನಾನೂ ಮುಂದೆ ಹೋದೆ. ರೈಲಿನಲ್ಲಿ ಕುಳಿತ ಮೇಲೆ ಆ ಬರಿಗಾಲು ನೆನಪಾಯಿತು. ಕುಡಿದಿದ್ದನೋ, ಸಕ್ಕರೆ ಕಾಯಿಲೆಯವನೋ, ಇವತ್ತಿಗೂ ಗೊತ್ತಿಲ್ಲ.

ನನ್ನ ತಲೆಯಲ್ಲಿ ನಡೆದದ್ದನ್ನೇ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲತಾನೆ 1968ರಲ್ಲಿ ಪ್ರಯೋಗವಾಗಿ ಮಾಡಿದ್ದರು. ಇಂಟರ್‌ಕಾಮ್‌ನಲ್ಲಿ ಒಬ್ಬನಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸಿದರು. ಕೇಳಿಸಿಕೊಂಡವನು ತಾನೊಬ್ಬನೇ ಎಂದುಕೊಂಡಿದ್ದವರಲ್ಲಿ ಶೇಕಡಾ 85 ಮಂದಿ ಆ ಧ್ವನಿ ನಿಲ್ಲುವ ಮೊದಲೇ ಎದ್ದು ನೆರವು ಕರೆಯಲು ಓಡಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಆ ಪ್ರಮಾಣ ಶೇಕಡಾ 31ಕ್ಕೆ ಇಳಿಯಿತು. 1973ರ ಪ್ರಯೋಗವಂತೂ ನನಗಾಗಿಯೇ ಮಾಡಿದಂತಿದೆ. ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ಯುವಕರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ನರಳುತ್ತಿದ್ದ. ಕೆಲವರ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನ ಬೈಬಲ್ ಕಥೆ! ವಿಷಯದಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ, ಅವಸರದಿಂದ ಆಯಿತು. ಸಮಯವಿದ್ದವರಲ್ಲಿ ಶೇಕಡಾ 63 ಮಂದಿ ನೆರವಾದರು, ತಡವಾಗಿದೆ ಎಂದು ಹೇಳಿಸಿಕೊಂಡವರಲ್ಲಿ ಶೇಕಡಾ 10 ಮಾತ್ರ.

ಕಿರುಚಿತ್ರ ನಮ್ಮನ್ನು ಅಷ್ಟು ಸುಲಭವಾಗಿ ಕರಗಿಸುವ ಗುಟ್ಟು ಇಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ. ಕ್ಯಾಮೆರಾ ಅಜ್ಜಿಯ ಬೆರಳುಗಳ ಹತ್ತಿರ ಹೋಗಿ ನಿಲ್ಲುತ್ತದೆ. ಎಷ್ಟು ಚಿಲ್ಲರೆ ಕಡಿಮೆಯಿದೆ ಎಂಬುದೂ ತಿಳಿಯುತ್ತದೆ. ಅವಳು ನಟಿಸುತ್ತಿಲ್ಲ, ಕುಡಿದಿಲ್ಲ, ಮೋಸ ಮಾಡುತ್ತಿಲ್ಲ ಎಂದು ನಿರ್ದೇಶಕನೇ ಜಾಮೀನು ಕೊಟ್ಟಿರುತ್ತಾನೆ. ನಮಗೂ ಹನ್ನೊಂದು ನಿಮಿಷ ಎಲ್ಲಿಗೂ ಹೋಗಬೇಕಾಗಿಲ್ಲ. ಹಾಸನದ ಬೀದಿಯಲ್ಲಿ ಆ ಬರಿಗಾಲನ್ನು ಯಾರೂ ಹತ್ತಿರದಿಂದ ತೋರಿಸಲಿಲ್ಲ, ನಾನೇ ಬಗ್ಗಿ ನೋಡಬೇಕಿತ್ತು.

ಹಾಗೆಂದು ಗುಂಪನ್ನು ಪೂರ್ತಿ ದೂರುವಂತಿಲ್ಲ. 2019ರಲ್ಲಿ ರಿಚರ್ಡ್ ಫಿಲ್ಪಾಟ್ ಮತ್ತು ಜೊತೆಯವರು ಬ್ರಿಟನ್, ನೆದರ್ಲೆಂಡ್ಸ್ ಮತ್ತು ದಕ್ಷಿಣ ಆಫ್ರಿಕಾದ ನಗರಗಳ ಸಿಸಿಟಿವಿಯಲ್ಲಿ ದಾಖಲಾದ 219 ಬೀದಿಜಗಳಗಳನ್ನು ನೋಡಿದರು. ಹತ್ತರಲ್ಲಿ ಒಂಬತ್ತರಲ್ಲಿ ನೋಡುತ್ತಿದ್ದವರಲ್ಲಿ ಒಬ್ಬರಾದರೂ ನಡುವೆ ಬಂದಿದ್ದರು. ಹೆಚ್ಚು ಜನವಿದ್ದಷ್ಟೂ ಯಾರಾದರೊಬ್ಬರು ಬರುವ ಸಾಧ್ಯತೆ ಹೆಚ್ಚು. ಜಗಳವಾದರೆ ಅದು ಜಗಳವೇ ಎನ್ನುವುದರಲ್ಲಿ ಯಾರಿಗೂ ಅನುಮಾನವಿರುವುದಿಲ್ಲವಲ್ಲ.

ಹಿಂಜರಿಕೆಗೆ ನಮ್ಮಲ್ಲಿ ಇನ್ನೊಂದು ಕಾರಣವೂ ಇತ್ತು: ಪೊಲೀಸು, ಕೋರ್ಟು. ಅಪಘಾತದ ಗಾಯಾಳುವನ್ನು ಮುಟ್ಟಿದವನೇ ಸಿಕ್ಕಿಬೀಳುತ್ತಾನೆ ಎಂಬ ಭಯ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮು, ಸದುದ್ದೇಶದಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆಯ ಹೊಣೆ ಬೀಳದಂತೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಘಾಟಿಯ ರಸ್ತೆಯಲ್ಲಿ ಓಡಾಡುವವರಿಗೆ ತಿಳಿದಿರಬೇಕಾದ ಸಂಗತಿ.

ಇತ್ತ ಮರ ಬಿದ್ದಲ್ಲೇ ಇತ್ತು. ಇಪ್ಪತ್ತು ನಿಮಿಷ ಎಲ್ಲರೂ ಕುಳಿತೇ ಇದ್ದೆವು, ಅರಣ್ಯ ಇಲಾಖೆಯವರು ಬರುತ್ತಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾ. ಆಮೇಲೆ ಹಿಂದಿನ ಜೀಪಿನಿಂದ ಒಬ್ಬ ಇಳಿದ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಕತ್ತಿ. ಯಾರನ್ನೂ ಕರೆಯದೆ ಹೋಗಿ ಸಣ್ಣ ಕೊಂಬೆಗಳನ್ನು ಕಡಿಯತೊಡಗಿದ. ಎರಡು ನಿಮಿಷ ಒಬ್ಬನೇ ಕಡಿದ. ಲಾರಿಯ ಕ್ಲೀನರ್ ಇಳಿದ. ನಮ್ಮ ಕಂಡಕ್ಟರ್ ಪುಸ್ತಕ ಮಡಚಿಟ್ಟು ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡರು. "ಕುಳಿತಿದ್ದರೆ ಧರ್ಮಸ್ಥಳ ಇಲ್ಲಿಗೆ ಬರುತ್ತದೆಯೇ ಯಜಮಾನರೇ?" ಎಂದು ನನ್ನನ್ನು ನೋಡಿ ಕೇಳಿದರು. ನಾನೂ ಇಳಿದೆ. ರಸ್ತೆ ಮುಚ್ಚಿದ ಕಡೆ ಯಾರಿಗೂ ಅವಸರ ಮಾಡಲು ಬರುವುದಿಲ್ಲ, ಏನಾಗಿದೆ ಎಂಬುದರಲ್ಲಿ ಅನುಮಾನವೂ ಇರುವುದಿಲ್ಲ. ಘಾಟಿಯ ಜನ ಒಳ್ಳೆಯವರು ಎಂದು ಬಯಲುಸೀಮೆಯಿಂದ ಬಂದವರು ಹೊಗಳುವಾಗ ನನಗೆ ಇದು ನೆನಪಾಗಿ ನಗು ಬರುತ್ತದೆ.

ಅಷ್ಟರಲ್ಲಿ ಕೆಳಗಿನಿಂದ ಬಂದ ಪಿಕಪ್ಪಿನಲ್ಲಿ ಯಾವುದೋ ತೋಟದವರ ಮರ ಕೊಯ್ಯುವ ಯಂತ್ರವಿತ್ತು. ಬುಡದ ತುಂಡನ್ನು ಹದಿನೈದು ಜನ ಸೇರಿ ಉರುಳಿಸಿ ಚರಂಡಿಯ ಪಕ್ಕಕ್ಕೆ ಸರಿಸಿದೆವು. ನನ್ನ ಪಾಲು ಎರಡು ಕೊಂಬೆ, ಒಂದಿಷ್ಟು ಎಲೆ, ಮತ್ತು ಕಾಲಿಗೆ ಹತ್ತಿದ ಜಿಗಣೆ. ಸೀಟಿಗೆ ಬಂದಾಗ ಹುಡುಗಿ ಜಿಗಣೆಗೆ ಹಚ್ಚಲು ತನ್ನ ತಿಂಡಿಯ ಡಬ್ಬಿಯಿಂದ ಉಪ್ಪು ಹುಡುಕಿ ಕೊಟ್ಟಳು. ಕಿಟಕಿಯಿಂದ ತಾನೂ ಒಂದು ವಿಡಿಯೊ ಮಾಡಿದ್ದೇನೆ ಸರ್ ಎಂದು ತೋರಿಸಿದಳು. ನಲವತ್ತು ಸೆಕೆಂಡು ಇತ್ತು. ಗಾಜಿನ ಮೇಲೆ ಇಳಿಯುವ ನೀರು, ಅದರಾಚೆ ಬಗ್ಗಿದ ಬೆನ್ನುಗಳು, ಒಂದು ನೀಲಿ ಕೊಪ್ಪೆ. ಯಾರ ಮುಖವೂ ಕಾಣುತ್ತಿರಲಿಲ್ಲ. ಅದರಲ್ಲಿ ನಾನೆಲ್ಲಿದ್ದೇನೆ ಎಂದು ಎರಡು ಸಲ ಹುಡುಕಿದೆ, ಸಿಗಲಿಲ್ಲ.